58 ದಿನಗಳು: ಅಲೀಗಢದ ಮರಾಠಿ ಅಧ್ಯಾಪಕರ ಪ್ರಕರಣ

2010ರ ಫೆಬ್ರವರಿ 8ರ ರಾತ್ರಿ ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯದ ಒಂದು ವಸತಿಗೃಹದಲ್ಲಿ ಎರಡು ಸಂಗತಿಗಳು ನಡೆದವು. ಅಧ್ಯಾಪಕರೊಬ್ಬರು ತಮ್ಮ ಮನೆಯೊಳಗೆ ಮತ್ತೊಬ್ಬ ವಯಸ್ಕ ಗಂಡಸಿನ ಜೊತೆಗಿದ್ದರು. ಹೊರಗಿನ ಕೆಲವರು ಕ್ಯಾಮೆರಾ ಹಿಡಿದು ಆ ಮನೆಗೆ ನುಗ್ಗಿ ಇಬ್ಬರನ್ನೂ ಚಿತ್ರೀಕರಿಸಿದರು. ಮೊದಲನೆಯದರಿಂದ ಯಾರ ಕೂದಲೂ ಕೊಂಕಿರಲಿಲ್ಲ. ಎರಡನೆಯದು ಅಪರಾಧ. ಮರುದಿನ ವಿಶ್ವವಿದ್ಯಾಲಯ ಕ್ರಮ ಕೈಗೊಂಡದ್ದು ಮೊದಲನೆಯದರ ಮೇಲೆ.

ಆ ಅಧ್ಯಾಪಕರು ಡಾ. ಶ್ರೀನಿವಾಸ ರಾಮಚಂದ್ರ ಸಿರಸ್. ಮರಾಠಿ ಕವಿ. ಆಧುನಿಕ ಭಾರತೀಯ ಭಾಷೆಗಳ ವಿಭಾಗದಲ್ಲಿ ರೀಡರ್ (ಪ್ರಾಧ್ಯಾಪಕರಿಗಿಂತ ಒಂದು ಮೆಟ್ಟಿಲು ಕೆಳಗಿನ ಹುದ್ದೆ), ಜೊತೆಗೆ ವಿಭಾಗದ ಅಧ್ಯಕ್ಷ. ಆ ರಾತ್ರಿಯಿಂದ ಲೆಕ್ಕ ಹಾಕಿದರೆ 58ನೆಯ ದಿನ, ಏಪ್ರಿಲ್ 7ರಂದು, ಊರೊಳಗಿನ ಬಾಡಿಗೆ ಮನೆಯಲ್ಲಿ ಅವರ ಶವ ಸಿಕ್ಕಿತು.

ವಿಶ್ವವಿದ್ಯಾಲಯಗಳಲ್ಲಿ ಸಲಿಂಗಿಗಳಿಗೆ ಆಗುವ ಕಿರುಕುಳದ ಬಗ್ಗೆ ಮಾತಾಡುವಾಗ ನಾವು ಸಾಮಾನ್ಯವಾಗಿ ನೆನೆಯುವುದು ಹಾಸ್ಟೆಲಿನ ಪುಂಡರನ್ನು, ಕ್ಯಾಂಟೀನಿನ ಕುಹಕವನ್ನು, ಶೌಚಾಲಯದ ಗೋಡೆಬರಹವನ್ನು. ಅವೆಲ್ಲ ನಿಜ. ಆದರೆ ಈ ಪ್ರಕರಣದಲ್ಲಿ ಅತಿ ಹೆಚ್ಚು ಹಾನಿ ಮಾಡಿದ್ದು ಸಂಸ್ಥೆಯ ಕಡತ. ಮೊಹರು ಒತ್ತಿದ, ಉಲ್ಲೇಖ ಸಂಖ್ಯೆ ಇರುವ, ಸಭ್ಯ ಭಾಷೆಯಲ್ಲಿ ಬರೆದ ಕಾಗದಗಳು. ಹದಿನೈದು ವರ್ಷಗಳಿಗೂ ಹಳೆಯದಾದ ಈ ಪ್ರಕರಣವನ್ನು ಮತ್ತೆ ಬಿಚ್ಚಿ ನೋಡುತ್ತಿರುವುದು ಆ ಕಾರಣಕ್ಕೆ. ಪಾಠ ಹೇಳುವ ವೃತ್ತಿಯಲ್ಲಿರುವ ನನಗೆ ಅಂಥ ಕಾಗದಗಳ ಗುಣ ಗೊತ್ತು. ಬರೆದವರಿಗೆ ಮಧ್ಯಾಹ್ನದ ಊಟದ ಹೊತ್ತಿಗೆ ಮರೆತುಹೋಗುವ ಎರಡು ಸಾಲು, ಪಡೆದವರ ಬದುಕನ್ನೇ ತಲೆಕೆಳಗು ಮಾಡಬಲ್ಲದು.

ಮನುಷ್ಯ ಮತ್ತು ಜಾಗ

ಅಲೀಗಢದ ವಿಶ್ವವಿದ್ಯಾಲಯ ಚಿಕ್ಕದಲ್ಲ, ಹೊಸದೂ ಅಲ್ಲ. ಸರ್ ಸೈಯದ್ ಅಹ್ಮದ್ ಖಾನ್ 1875ರಲ್ಲಿ ನೆಟ್ಟ ಸಂಸ್ಥೆ 1920ರಲ್ಲಿ ವಿಶ್ವವಿದ್ಯಾಲಯವಾಯಿತು. ಕೇಂದ್ರೀಯ ವಿಶ್ವವಿದ್ಯಾಲಯವಾದ್ದರಿಂದ ಸಂವಿಧಾನದ ದೃಷ್ಟಿಯಲ್ಲಿ ಅದು ಪ್ರಭುತ್ವದ ಅಂಗ. ಅಲ್ಲಿನ ಅಧಿಕಾರಿ ಸಹಿ ಹಾಕುವ ಆದೇಶ ಮೂಲಭೂತ ಹಕ್ಕುಗಳಿಗೆ ಬದ್ಧವಾಗಿರಲೇಬೇಕು. ಸಿರಸ್ ನ್ಯಾಯಾಲಯಕ್ಕೆ ಹೋಗಲು ಸಾಧ್ಯವಾದದ್ದೂ ಇದರಿಂದಲೇ. ಖಾಸಗಿ ಕಾಲೇಜಿನಲ್ಲಿ ಇದೇ ಆಗಿದ್ದರೆ, ಮೂಲಭೂತ ಹಕ್ಕಿನ ರಕ್ಷಣೆಗೆ ನೇರವಾಗಿ ಹೈಕೋರ್ಟಿಗೆ ಹಾಕುವ ರಿಟ್ ಅರ್ಜಿಯ ದಾರಿ ಇಷ್ಟು ಸುಲಭವಾಗಿ ತೆರೆಯುತ್ತಿರಲಿಲ್ಲ. ನಮ್ಮಲ್ಲಿ ಬಹುಪಾಲು ಅಧ್ಯಾಪಕರು ದುಡಿಯುವುದು ಖಾಸಗಿ ಕಾಲೇಜುಗಳಲ್ಲಿ ಎಂಬುದನ್ನೂ ಇಲ್ಲಿ ನೆನಪಿನಲ್ಲಿಡಬೇಕು.

ನಾಗಪುರದ ಕಡೆಯ ಈ ಮನುಷ್ಯ ಎರಡು ದಶಕಕ್ಕೂ ಹೆಚ್ಚು ಕಾಲ ಉತ್ತರ ಪ್ರದೇಶದ ಆ ಊರಿನಲ್ಲಿ ಮರಾಠಿ ಕಲಿಸಿದರು. ಉರ್ದು, ಹಿಂದಿಗಳ ನಡುವೆ ಮರಾಠಿಯಲ್ಲಿ ಕವಿತೆ ಬರೆದರು. ಒಂದು ಸಂಕಲನಕ್ಕೆ 2002ರಲ್ಲಿ ಮಹಾರಾಷ್ಟ್ರ ಸಾಹಿತ್ಯ ಪರಿಷತ್ತಿನ ಪ್ರಶಸ್ತಿ ಬಂತು. ಹೊರರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಕನ್ನಡ ಕಲಿಸಿದವರನ್ನು ಬಲ್ಲ ಓದುಗರಿಗೆ ಈ ಸ್ಥಿತಿ ಬಿಡಿಸಿ ಹೇಳಬೇಕಿಲ್ಲ. ತರಗತಿಯಲ್ಲಿ ಬೆರಳೆಣಿಕೆಯ ವಿದ್ಯಾರ್ಥಿಗಳು. ಬರೆದದ್ದನ್ನು ಓದಿ ಹೇಳೋಣವೆಂದರೆ ಅಕ್ಕಪಕ್ಕದ ಮನೆಯಲ್ಲಿ ಆ ಭಾಷೆ ಬಲ್ಲವರಿಲ್ಲ. ಅವರು ಒಂಟಿಯಾಗಿ ವಾಸಿಸುತ್ತಿದ್ದರು. ನಿವೃತ್ತಿಗೆ ಕೆಲವೇ ತಿಂಗಳು ಉಳಿದಿತ್ತು.

ಕ್ಯಾಂಪಸ್ಸಿನ ವಸತಿಗೃಹಗಳು ಎಂಥವೆಂದು ಅಲ್ಲಿ ಬಾಳಿದವರಿಗೆ ತಿಳಿದಿರುತ್ತದೆ. ಯಾರ ಮನೆಗೆ ಯಾರು ಬಂದರು, ಎಷ್ಟು ಹೊತ್ತಿಗೆ ಹೋದರು ಎಂಬುದು ಎದುರು ಮನೆಯ ಕಿಟಕಿಗೆ ಗೊತ್ತು. ಮನೆಯೊಡೆಯನೂ ಉದ್ಯೋಗದಾತನೂ ಒಬ್ಬನೇ ಆದಾಗ ಈ ಕಿಟಕಿಗೆ ಅಧಿಕಾರ ಬರುತ್ತದೆ. ಕೆಲಸ ಹೋದರೆ ಸೂರೂ ಹೋಗುತ್ತದೆ. ಸೂರಿನ ಕೆಳಗೆ ಏನು ನಡೆಯಿತು ಎಂಬುದರ ಮೇಲೆ ಕೆಲಸವೂ ನಿಂತಿರುತ್ತದೆ. ಮದುವೆಯಾಗಿ ಮಕ್ಕಳಿರುವ ಅಧ್ಯಾಪಕರಿಗೆ ಇದು ಬರಿಯ ಕಿರಿಕಿರಿ. ಸಲಿಂಗಿಯಾದ ಅಧ್ಯಾಪಕರಿಗೆ ದಿನವೂ ತಲೆಯ ಮೇಲೆ ತೂಗುವ ಕತ್ತಿ.

ಕಾಗದಗಳ ಸರದಿ

ಫೆಬ್ರವರಿ 9ರಂದು ಅಮಾನತು. ಕಾರಣ: ಘೋರ ದುರ್ನಡತೆ. ವಿಶ್ವವಿದ್ಯಾಲಯದ ಸಾರ್ವಜನಿಕ ಸಂಪರ್ಕ ವಿಭಾಗ ಪತ್ರಿಕೆಗಳಿಗೆ ಹೇಳಿಕೆ ಕೊಟ್ಟಿತು. ವಿಭಾಗದ ಅಧ್ಯಕ್ಷರು ರಿಕ್ಷಾ ಎಳೆಯುವವನೊಬ್ಬನೊಡನೆ ಲೈಂಗಿಕ ಕ್ರಿಯೆಯಲ್ಲಿದ್ದಾಗ ಕ್ಯಾಮೆರಾಕ್ಕೆ ಸಿಕ್ಕಿದ್ದಾರೆ, ಅವರನ್ನು ಅಮಾನತಿನಲ್ಲಿ ಇಡಲಾಗಿದೆ ಎಂಬುದು ಅದರ ತಾತ್ಪರ್ಯ.

ಈ ಹೇಳಿಕೆಯ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ಕೇಂದ್ರ ಇದು, ಅಮಾನತಿನ ಆದೇಶವೂ ಅಲ್ಲ. ಅಮಾನತು ಶಿಕ್ಷೆಯಲ್ಲ, ವಿಚಾರಣೆ ಮುಗಿಯುವ ತನಕದ ತಾತ್ಕಾಲಿಕ ಕ್ರಮ ಎಂದು ಸೇವಾ ನಿಯಮಗಳು ಹೇಳುತ್ತವೆ. ಅದನ್ನು ಹಿಂತೆಗೆಯಬಹುದು, ತಡೆದ ಸಂಬಳ ಕೊಡಬಹುದು. ಆದರೆ ಒಬ್ಬ ಮನುಷ್ಯ ಬದುಕಿಡೀ ತನ್ನೊಳಗೇ ಇಟ್ಟುಕೊಂಡದ್ದನ್ನು ಅವರ ಪೂರ್ಣ ಹೆಸರು, ಹುದ್ದೆ, ವಿಭಾಗ ಸಮೇತ ಪತ್ರಿಕೆಗೆ ಕೊಟ್ಟ ಮೇಲೆ ಅದನ್ನು ಹಿಂತೆಗೆಯುವ ಆದೇಶ ಯಾವ ಕುಲಸಚಿವರ ಕೈಯಲ್ಲೂ ಇಲ್ಲ. ನಿಜವಾದ ಶಿಕ್ಷೆ ಅಂದೇ ಜಾರಿಯಾಯಿತು. ಅಲ್ಲಿ ಆರೋಪವಿರಲಿಲ್ಲ, ಉತ್ತರಕ್ಕೆ ಅವಕಾಶವಿರಲಿಲ್ಲ, ವಿಚಾರಣಾಧಿಕಾರಿಯೂ ಇರಲಿಲ್ಲ.

ಮುಂದಿನ ವಾರಗಳು ಅದರ ಬೆನ್ನು ಹಿಡಿದು ಬಂದವು. ವಸತಿಗೃಹ ಖಾಲಿ ಮಾಡಲು ಸೂಚನೆ ಬಂತು. ಮನೆಯ ವಿದ್ಯುತ್ ಸಂಪರ್ಕ ಕಡಿದರೆಂದು ವರದಿಯಾಯಿತು. ಸಿರಸ್ ಊರೊಳಗೆ ಬಾಡಿಗೆ ಮನೆ ಹುಡುಕಿ ಹೋದರು. ಪತ್ರಿಕೆಗಳಲ್ಲಿ ಅಂಥ ಸುದ್ದಿ ಬಂದ ಮೇಲೆ, ಅಷ್ಟು ವಯಸ್ಸಾದ ಒಂಟಿ ಗಂಡಸು ಆ ಊರಿನಲ್ಲಿ ಮನೆ ಕೇಳಿಕೊಂಡು ಅಲೆಯುವುದನ್ನು ಊಹಿಸಿಕೊಂಡರೆ ನನಗೆ ಗಂಟಲು ಕಟ್ಟುತ್ತದೆ. ಇಷ್ಟಾದರೂ ಅವರು ವರದಿಗಾರರೊಬ್ಬರ ಬಳಿ ಹೇಳಿದ್ದು, ತಾನು ಈ ವಿಶ್ವವಿದ್ಯಾಲಯವನ್ನು ಪ್ರೀತಿಸುತ್ತೇನೆ, ಮುಂದೆಯೂ ಪ್ರೀತಿಸುತ್ತೇನೆ, ತಾನು ಸಲಿಂಗಿಯೆಂಬ ಕಾರಣಕ್ಕೆ ಅವರು ತನ್ನನ್ನು ಪ್ರೀತಿಸುವುದನ್ನು ಬಿಟ್ಟರೇನೋ ಎಂದು.

ಕಾನೂನು ಅವರ ಕಡೆಗಿತ್ತು

ಆಗ ಕಾನೂನು ಕತ್ತಲಲ್ಲಿತ್ತು, ಸಂಸ್ಥೆ ತಾನೇ ಏನು ಮಾಡಬೇಕಿತ್ತು ಎಂದು ವಾದಿಸುವವರನ್ನು ನಾನು ಕಂಡಿದ್ದೇನೆ. ಆ ವಾದ ನಿಲ್ಲುವುದಿಲ್ಲ. 2009ರ ಜುಲೈ 2ರಂದು ದೆಹಲಿ ಹೈಕೋರ್ಟ್ ನಾಜ್ ಫೌಂಡೇಶನ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತ್ತು: ವಯಸ್ಕರು ಪರಸ್ಪರ ಒಪ್ಪಿಗೆಯಿಂದ ಖಾಸಗಿಯಾಗಿ ನಡೆಸುವ ಸಂಬಂಧಕ್ಕೆ, ಸಲಿಂಗ ಸಂಭೋಗವನ್ನು ಅಪರಾಧವಾಗಿಸಿದ್ದ ಭಾರತೀಯ ದಂಡ ಸಂಹಿತೆಯ 377ನೇ ಕಲಮನ್ನು ಅನ್ವಯಿಸಲಾಗದು. ದೇಶದ ಎಲ್ಲ ಪತ್ರಿಕೆಗಳ ಮುಖಪುಟದಲ್ಲಿ ಅದು ಬಂದಿತ್ತು. ಅಲೀಗಢದ ಘಟನೆ ನಡೆದದ್ದು ಅದಾಗಿ ಏಳು ತಿಂಗಳಿಗೆ.

ಇನ್ನು ಮನೆಗೆ ನುಗ್ಗಿದವರ ವಿಷಯ. ಗೃಹ ಅತಿಕ್ರಮಣ 1860ರಿಂದಲೂ ಅಪರಾಧ. ಒಬ್ಬರ ಖಾಸಗಿ ಅಂಗಗಳನ್ನು ಅವರ ಒಪ್ಪಿಗೆಯಿಲ್ಲದೆ ಚಿತ್ರೀಕರಿಸುವುದು, ಹರಡುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನ ಪ್ರಕಾರ ಮೂರು ವರ್ಷದವರೆಗೆ ಸೆರೆವಾಸಕ್ಕೆ ಅರ್ಹವಾದ ಕೃತ್ಯ. ಆ ಕಲಮು 2009ರ ಅಕ್ಟೋಬರ್ 27ರಿಂದ ಜಾರಿಯಲ್ಲಿತ್ತು, ಅದಕ್ಕೆ ಹೆಣ್ಣು ಗಂಡೆಂಬ ಭೇದವೂ ಇಲ್ಲ. ಇದಕ್ಕೂ ಹಳೆಯ ಒಂದು ತೀರ್ಪು ನನಗೆ ಪದೇ ಪದೇ ನೆನಪಾಗುತ್ತದೆ. ಅದೇ ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬವರ ಮನೆಗೆ ಪೊಲೀಸರು ಕಣ್ಗಾವಲಿನ ಹೆಸರಿನಲ್ಲಿ ರಾತ್ರಿ ಹೊತ್ತು ಬಂದು ಎಬ್ಬಿಸುತ್ತಿದ್ದರು. 1962ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ರಾತ್ರಿ ಭೇಟಿಗಳಿಗೆ ಅವಕಾಶ ಕೊಟ್ಟ ನಿಯಮವನ್ನು ರದ್ದುಪಡಿಸಿತು. ಸಮವಸ್ತ್ರ ತೊಟ್ಟ ಪೊಲೀಸನಿಗೇ ಇಲ್ಲದ ಹಕ್ಕು ಕ್ಯಾಮೆರಾ ಹಿಡಿದವನಿಗೆ ಎಲ್ಲಿಂದ ಬಂತು? ಆ ಪ್ರಶ್ನೆಯನ್ನು ವಿಶ್ವವಿದ್ಯಾಲಯ ತನ್ನ ನೌಕರನ ಪರವಾಗಿ ಕೇಳಬೇಕಿತ್ತು. ಅತಿಕ್ರಮಣವಾದದ್ದು ವಿಶ್ವವಿದ್ಯಾಲಯದ್ದೇ ಕಟ್ಟಡ.

ಹಾಗಾದರೆ ಸಂಸ್ಥೆ ಹಿಡಿದ ಆಯುಧ ಯಾವುದು? ದಂಡ ಸಂಹಿತೆಯಲ್ಲ, ದುರ್ನಡತೆ ಎಂಬ ಪದ. ಅಪರಾಧಕ್ಕೆ ವ್ಯಾಖ್ಯೆ ಇದೆ, ಪುರಾವೆಯ ಭಾರವಿದೆ, ಮೇಲ್ಮನವಿ ಇದೆ. ದುರ್ನಡತೆ ಎಂಬುದು ಗೋಣಿಚೀಲವಿದ್ದಂತೆ. ಪರೀಕ್ಷಾ ಅಕ್ರಮವೂ ಅದರೊಳಗೆ, ಹಣ ದುರುಪಯೋಗವೂ ಅದರೊಳಗೆ, ಆಡಳಿತಕ್ಕೆ ಕಣ್ಣಿಗೆ ಬೀಳಬಾರದೆನಿಸಿದ ಎಲ್ಲವೂ ಅದರೊಳಗೆ. 377 ಹೋದ ಮೇಲೆ ಎಲ್ಲ ಸರಿಹೋಯಿತು ಎಂದು ತಿಳಿಯುವವರು ಇದನ್ನು ಗಮನಿಸಬೇಕು. ಸಿರಸ್ ಅವರನ್ನು ಹೊರಹಾಕಲು 377 ಬೇಕಾಗಲೇ ಇಲ್ಲ.

ಅವರು ಅಲಹಾಬಾದ್ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಿದರು. 2010ರ ಏಪ್ರಿಲ್ 1ರಂದು ನ್ಯಾಯಮೂರ್ತಿ ಸುನಿಲ್ ಅಂಬವಾನಿ ಹಾಗೂ ನ್ಯಾಯಮೂರ್ತಿ ಕಾಶಿನಾಥ್ ಪಾಂಡೆ ಅವರ ಪೀಠ ಅಮಾನತಿಗೆ ತಡೆಯಾಜ್ಞೆ ಕೊಟ್ಟಿತು. ಖಾಸಗಿತನ ಮೂಲಭೂತ ಹಕ್ಕು, ಅದನ್ನು ಕಾಪಾಡಬೇಕು. ಕ್ಯಾಂಪಸ್ಸಿನಲ್ಲೇ ವಾಸವಿದ್ದರೂ ಒಬ್ಬರ ಖಾಸಗಿ ನಡವಳಿಕೆ ಅವರ ಕೆಲಸದ ಮೇಲೆ ಗಣನೀಯ ಪರಿಣಾಮ ಬೀರದಿದ್ದರೆ ಅವರ ಲೈಂಗಿಕ ಒಲವು ದುರ್ನಡತೆಯಾಗಲಾರದು ಎಂಬುದು ಪೀಠದ ಮೇಲ್ನೋಟದ ಅಭಿಪ್ರಾಯ. ಮಧ್ಯಂತರ ಆದೇಶವಾದರೂ ತರ್ಕ ಗಟ್ಟಿಯಾಗಿದೆ. ಮನೆಯೊಳಗಿನ ಬದುಕಿಗೂ ಕೆಲಸಕ್ಕೂ ಸಂಬಂಧವಿದೆಯೆಂದು ಹೇಳುವವರೇ ಅದನ್ನು ತೋರಿಸಬೇಕು. ಸಿರಸ್ ಪಾಠ ಮಾಡಲಿಲ್ಲವೆಂದಾಗಲೀ ವಿದ್ಯಾರ್ಥಿಗಳಿಗೆ ತೊಂದರೆ ಕೊಟ್ಟರೆಂದಾಗಲೀ ಅಲ್ಲಿ ದೂರು ಇರಲೇ ಇಲ್ಲ.

ಗೆಲುವು ಸಿಕ್ಕಿ ಆರನೆಯ ದಿನ ಅವರು ಇರಲಿಲ್ಲ. ಅಮಾನತು ರದ್ದಾಗಿದೆಯೆಂಬ ಅಧಿಕೃತ ಪತ್ರ ಅವರ ಕೈಗೆ ತಲುಪಲಿಲ್ಲ. ಸಾವಿನ ಬಗ್ಗೆ ಪೊಲೀಸರು ಪ್ರಕರಣ ದಾಖಲಿಸಿದರು. ಪತ್ರಕರ್ತರ ಹಾಗೂ ವಿಶ್ವವಿದ್ಯಾಲಯದ ಅಧಿಕಾರಿಗಳ ಹೆಸರು ಅದರಲ್ಲಿ ಬಂದವು. ಕೊನೆಗೆ ಸಾಕ್ಷ್ಯ ಸಾಲದೆಂದು ತನಿಖೆ ಮುಚ್ಚಿಹೋಯಿತು. ಆದ್ದರಿಂದ ಆ ಸಾವು ಹೀಗೇ ಆಯಿತೆಂದು ನಾನು ಬರೆಯುವುದಿಲ್ಲ. ಸಾವಿಗೆ ಮುಂಚಿನ 58 ದಿನಗಳಲ್ಲಿ ಏನೇನಾಯಿತೆಂಬುದು ಮಾತ್ರ ಕಾಗದದಲ್ಲೇ ಇದೆ.

ಆಮೇಲೆ ಬಂದದ್ದು

ನಂತರದ ಕಾನೂನಿನ ಚರಿತ್ರೆ ಏರಿಳಿತದ್ದು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ನಾಜ್ ತೀರ್ಪನ್ನು ತಳ್ಳಿಹಾಕಿ 377ಕ್ಕೆ ಮತ್ತೆ ಜೀವ ಕೊಟ್ಟಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು, ಲೈಂಗಿಕ ಒಲವು ಅದರ ಅವಿಭಾಜ್ಯ ಭಾಗವೆಂದೂ ಹೇಳಿತು. ಆ ಪ್ರಕರಣ ನಮ್ಮವರ ಹೆಸರಿನಲ್ಲಿದೆ: ಅರ್ಜಿ ಹಾಕಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿಷಯದಲ್ಲಿ ಹಾಕಿದ ಅರ್ಜಿಯಿಂದ ಹೊರಟ ದಾರಿ ವಯಸ್ಕರ ಒಪ್ಪಿತ ಸಲಿಂಗ ಸಂಬಂಧ ಅಪರಾಧವಲ್ಲ ಎಂದ 2018ರ ಸೆಪ್ಟೆಂಬರ್ 6ರ ನವತೇಜ್ ಸಿಂಗ್ ಜೋಹರ್ ತೀರ್ಪಿಗೆ ನೆಲ ಹದಮಾಡಿತು. ಅಲಹಾಬಾದಿನ ಪೀಠ ಪುಟ್ಟಸ್ವಾಮಿ ತೀರ್ಪಿಗೆ ಏಳು ವರ್ಷ ಮುಂಚೆ ನಾಲ್ಕು ಮಾತಿನಲ್ಲಿ ಹೇಳಿದ್ದು ಈಗ ದೇಶದ ಕಾನೂನು.

ಕ್ಯಾಂಪಸ್ಸಿನ ಒಳಗೆ ಬಂದ ಬದಲಾವಣೆ ಇದಕ್ಕಿಂತ ಕಡಿಮೆ ಸದ್ದಿನದು, ನನಗೆ ಹೆಚ್ಚು ಮುಖ್ಯವಾದದ್ದು. 2016ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ತನ್ನ ರ‍್ಯಾಗಿಂಗ್ ತಡೆ ನಿಯಮಗಳಿಗೆ ತಿದ್ದುಪಡಿ ತಂದಿತು. ಜಾತಿ, ಧರ್ಮ, ಬಣ್ಣ, ಭಾಷೆ, ಪ್ರದೇಶಗಳ ಜೊತೆಗೆ ಲೈಂಗಿಕ ಒಲವಿನ ಕಾರಣಕ್ಕೆ ವಿದ್ಯಾರ್ಥಿಯನ್ನು ದೈಹಿಕವಾಗಿ ಅಥವಾ ಮಾನಸಿಕವಾಗಿ ಹಿಂಸಿಸುವುದೂ, ದೂರವಿಡುವುದೂ ರ‍್ಯಾಗಿಂಗ್ ಎಂದಾಯಿತು. ಹೊಸಬರಿಗೆ ಮಾತ್ರವಲ್ಲ, ಯಾವ ವಿದ್ಯಾರ್ಥಿಗಾದರೂ ಅನ್ವಯ. ಅಂದರೆ ಹಾಸ್ಟೆಲಿನಲ್ಲಿ ಒಬ್ಬ ಹುಡುಗನ ನಡಿಗೆಯನ್ನು ಅಣಕಿಸಿ ಅವನ ಜೊತೆ ಊಟಕ್ಕೆ ಕೂರಬಾರದೆಂದು ಗುಂಪು ಕಟ್ಟಿದರೆ, ಅದು ಈ ದೇಶದಲ್ಲಿ ಹತ್ತು ವರ್ಷದಿಂದ ದೂರು ಕೊಡಬಹುದಾದ ವಿಷಯ. ಇದು ಎಷ್ಟು ವಾರ್ಡನ್‌ಗಳಿಗೆ ಗೊತ್ತು? ಪ್ರವೇಶದ ಸಮಯದಲ್ಲಿ ರ‍್ಯಾಗಿಂಗ್ ಮುಚ್ಚಳಿಕೆಗೆ ಪೋಷಕರ ಸಹಿಯನ್ನೂ ಹಾಕಿಸಿಕೊಳ್ಳುತ್ತೇವೆ. ಆ ಸಾಲನ್ನು ಒಮ್ಮೆ ಓದಿ ಹೇಳುವುದಿಲ್ಲ.

ಆದರೆ ಈ ನಿಯಮ ಕಾಯುವುದು ವಿದ್ಯಾರ್ಥಿಯನ್ನು, ಇನ್ನೊಬ್ಬ ವಿದ್ಯಾರ್ಥಿಯಿಂದ. ಸಿರಸ್ ಇಂದು ಬದುಕಿದ್ದರೂ ಅವರಿಗೆ ಇದರಿಂದ ಉಪಯೋಗವಿಲ್ಲ. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಇರುವುದು ಮಹಿಳೆಯರಿಗಾಗಿ. ಆದ್ದರಿಂದ ಸಲಿಂಗಿಯಾದ ವಿದ್ಯಾರ್ಥಿನಿಗೋ ಅಧ್ಯಾಪಕಿಗೋ ಕಿರುಕುಳವಾದರೆ ಆ ಕಾಯ್ದೆಯಡಿ ದೂರು ಕೇಳುವ ಆಂತರಿಕ ಸಮಿತಿಯ ಬಾಗಿಲು ತೆರೆದಿದೆ, ಆ ಸಮಿತಿಯ ಎದುರು ತನ್ನ ಗುಟ್ಟನ್ನು ಬಿಚ್ಚಬೇಕಾದೀತೆಂಬ ಭಯವೊಂದನ್ನು ಬಿಟ್ಟು. ಆ ಭಯ ಸಣ್ಣದಲ್ಲ. ದಂಡ ಸಂಹಿತೆಯ ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ 377ನ್ನು ಪೂರ್ತಿ ಕೈಬಿಟ್ಟಿತು. ಹಾಗಾಗಿ ವಯಸ್ಕ ಗಂಡಸಿನ ಮೇಲೆ ಬಲಾತ್ಕಾರವಾದರೆ ಅದನ್ನು ಲೈಂಗಿಕ ಅಪರಾಧವೆಂದು ಶಿಕ್ಷಿಸುವ ಕಲಮು ಈಗ ಇಲ್ಲ.

ಹುಡುಗಿಯರ ಹಾಸ್ಟೆಲಿನ ಮಾತೇ ಬೇರೆ. ಅಲ್ಲಿ ಕ್ಯಾಮೆರಾ ಬೇಕಾಗಿಲ್ಲ, ಒಂದು ದೂರವಾಣಿ ಕರೆ ಸಾಕು. ಇಬ್ಬರು ಸದಾ ಜೊತೆಗಿರುತ್ತಾರೆಂದು ಯಾರೋ ಹೇಳುತ್ತಾರೆ, ವಾರ್ಡನ್ ಕೊಠಡಿ ಬದಲಿಸುತ್ತಾರೆ, ಮನೆಗೆ ಫೋನ್ ಹೋಗುತ್ತದೆ. ಮುಂದಿನ ಸೆಮಿಸ್ಟರಿಗೆ ಒಬ್ಬಳು ಬರುವುದೇ ಇಲ್ಲ. ಎಲ್ಲಿಗೆ ಹೋದಳೆಂದು ಕೇಳಿದರೆ ಮದುವೆ ನಿಶ್ಚಯವಾಯಿತಂತೆ ಎಂಬ ಉತ್ತರ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಒಂದು ಗೆರೆ. ಕಡತವೇ ಇಲ್ಲದ್ದರಿಂದ ಇದರ ಮೇಲೆ ಪ್ರಕರಣ ಅಧ್ಯಯನವನ್ನೂ ಯಾರೂ ಬರೆಯಲಾರರು. ಸಲಿಂಗಿ ಹೆಣ್ಣುಜೋಡಿಯೊಂದು ಮನೆಯವರಿಂದ ರಕ್ಷಣೆ ಕೋರಿ ಬಂದಾಗ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ 2021ರ ಜೂನಿನಲ್ಲಿ ಕೊಟ್ಟ ಆದೇಶದಲ್ಲಿ ಶಾಲೆ ಕಾಲೇಜುಗಳೂ ಪೋಷಕರೂ ಏನನ್ನು ಕಲಿಯಬೇಕೆಂಬ ನಿರ್ದೇಶನಗಳಿವೆ. ತನಗೆ ಈ ವಿಷಯ ತಿಳಿಯದೆಂದು ಒಪ್ಪಿಕೊಂಡು, ಮನಶ್ಶಾಸ್ತ್ರಜ್ಞರ ಬಳಿ ಕುಳಿತು ಕಲಿತು ಅವರು ಆದೇಶ ಬರೆದರು. ಆ ವಿನಯದ ಕಾಲು ಪಾಲು 2010ರ ಫೆಬ್ರವರಿಯಲ್ಲಿ ಅಲೀಗಢದ ಆಡಳಿತ ಭವನದಲ್ಲಿ ಇದ್ದಿದ್ದರೆ! ಅದೇ ಪ್ರಕರಣದ ಮುಂದುವರಿಕೆಯಲ್ಲಿ, ಲೈಂಗಿಕ ಒಲವನ್ನು ‘ಸರಿಪಡಿಸುತ್ತೇವೆ’ ಎಂದು ಚಿಕಿತ್ಸೆ ಕೊಡುವ ವೈದ್ಯರದ್ದು ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಘೋಷಿಸಿತು. ದುರ್ನಡತೆ ಎಂಬ ಅದೇ ಪದ ಹನ್ನೆರಡು ವರ್ಷಗಳಲ್ಲಿ ಯಾವ ಕಡೆಯಿಂದ ಯಾವ ಕಡೆಗೆ ತಿರುಗಿತು ನೋಡಿ.

ಕುರ್ಚಿಯಲ್ಲಿ ಕೂತವರಿಗೆ

ಈ ಬರಹವನ್ನು ಯಾರಾದರೂ ಪ್ರಾಂಶುಪಾಲರೋ ಕುಲಸಚಿವರೋ ಓದುತ್ತಿದ್ದರೆ ಅವರಲ್ಲಿ ನನ್ನದು ನೇರ ವಿನಂತಿ. ಇಂಥದೊಂದು ದೂರು ಅಥವಾ ವಿಡಿಯೊ ನಿಮ್ಮ ಮೇಜಿಗೆ ಬಂದ ದಿನ ಮೊದಲು ಕೇಳಬೇಕಾದದ್ದು, ಇದು ನಿಮ್ಮ ಕೈಗೆ ಹೇಗೆ ಬಂತು ಎಂದು. ತಂದವರು ಅದನ್ನು ಹೇಗೆ ಪಡೆದರು? ಒಪ್ಪಿಗೆ ಇತ್ತೇ? ಇಲ್ಲವೆಂದಾದರೆ ನಿಮ್ಮ ಮುಂದಿರುವುದು ನಿಮ್ಮ ಅಧ್ಯಾಪಕರ ವಿರುದ್ಧದ ಪುರಾವೆಯಲ್ಲ, ಅವರ ವಿರುದ್ಧ ನಡೆದ ಅಪರಾಧದ ಪುರಾವೆ. ಅದನ್ನು ನಾಲ್ಕು ಜನರಿಗೆ ತೋರಿಸಿದರೆ ನೀವೂ ಆ ಅಪರಾಧದೊಳಗೆ ಕಾಲಿಟ್ಟಂತೆ. ಎರಡನೆಯದಾಗಿ, ಪತ್ರಿಕಾ ಹೇಳಿಕೆ ಬೇಡ. ಕರೆ ಮಾಡಿದ ವರದಿಗಾರರಿಗೆ ನೌಕರರ ಖಾಸಗಿ ವಿಷಯ ಮಾತಾಡುವುದಿಲ್ಲ ಎಂದರೆ ಸಾಕು. ಮನೆಯವರಿಗೆ ಫೋನ್ ಕೂಡ ಬೇಡ. ಹದಿನೆಂಟು ದಾಟಿದ ವಿದ್ಯಾರ್ಥಿಯ ಬದುಕನ್ನು ಅವರ ತಂದೆತಾಯಿಗೆ ವರದಿ ಮಾಡುವ ಕೆಲಸ ನಿಮಗೆ ಯಾರೂ ಕೊಟ್ಟಿಲ್ಲ. ವಸತಿ, ವಿದ್ಯುತ್ತು, ನೀರನ್ನು ಶಿಸ್ತುಕ್ರಮದ ಕೈಗೆ ಕೊಡಬೇಡಿ. ಮತ್ತು ಆ ದಿನ ಸಂಜೆ ಆ ವ್ಯಕ್ತಿಯ ಬಳಿ ಯಾರಾದರೊಬ್ಬರು ಹೋಗಿ ಕೂರಲಿ. ಸಹೋದ್ಯೋಗಿಯೋ ಹಳೆಯ ವಿದ್ಯಾರ್ಥಿಯೋ, ಯಾರಾದರೂ ಆದೀತು.

ನನ್ನನ್ನು ಬಹಳ ಕಾಡುವುದು ಈ ಕೊನೆಯದೇ. ಅವರ ಪರವಾಗಿ ದೆಹಲಿ, ಮುಂಬೈಗಳಿಂದ ವಕೀಲರು, ಹೋರಾಟಗಾರರು ಬಂದರು. ಅವರ ಶ್ರಮದಿಂದಲೇ ನ್ಯಾಯಾಲಯದ ಆದೇಶ ಬಂತು. ಆದರೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಒಂದೇ ಕಾರಿಡಾರಿನಲ್ಲಿ ನಡೆದಾಡಿದ ಮನುಷ್ಯನಿಗೆ ಆ ಕಾರಿಡಾರಿನಿಂದ ಬರುವ ಒಂದು ನಮಸ್ಕಾರದ ಬೆಲೆಯೇ ಬೇರೆ. ಪಕ್ಕದ ಕೋಣೆಯವರು ಬಾಗಿಲು ಓರೆ ಮಾಡಿ ‘ಬನ್ನಿ, ಚಹಾ ಕುಡಿಯೋಣ’ ಎಂದರೆ ಅದು ತಡೆಯಾಜ್ಞೆಗಿಂತ ಬೇಗ ತಲುಪುತ್ತದೆ.

ಇನ್ನೊಬ್ಬರ ವಿಷಯ ಉಳಿಯಿತು. ಆ ರಾತ್ರಿ ಆ ಮನೆಯಲ್ಲಿ ಇಬ್ಬರಿದ್ದರು. ಕ್ಯಾಮೆರಾ ಇಬ್ಬರ ಮೇಲೂ ಬಿತ್ತು. ವಿಶ್ವವಿದ್ಯಾಲಯದ ಹೇಳಿಕೆಯಲ್ಲಿ ಒಬ್ಬರಿಗೆ ಹೆಸರಿದೆ, ಪದವಿಯಿದೆ, ವಿಭಾಗವಿದೆ. ಇನ್ನೊಬ್ಬರಿಗೆ ಇರುವುದು ಕಸುಬು ಮಾತ್ರ. ಅದನ್ನು ಹೇಳಿದ್ದು ಅವರ ಗುರುತಿಗಾಗಿ ಅಲ್ಲ, ಅಧ್ಯಾಪಕರ ಅವಮಾನ ಇನ್ನಷ್ಟು ಹೆಚ್ಚಲೆಂದು ಎಂಬುದು ಓದಿದ ಯಾರಿಗಾದರೂ ತಿಳಿಯುತ್ತದೆ. ರಿಕ್ಷಾ ಎಳೆಯುವವರಿಗೆ ಅಮಾನತು ಮಾಡಲು ಹುದ್ದೆಯಿಲ್ಲ, ತೆರವು ಮಾಡಿಸಲು ವಸತಿಗೃಹವಿಲ್ಲ, ಆದ್ದರಿಂದ ಪ್ರಶ್ನಿಸಲು ಆದೇಶವೂ ಇಲ್ಲ. ಮರುದಿನ ಬೆಳಿಗ್ಗೆ ಅವರು ಅದೇ ಊರಿನ ಬೀದಿಗೆ ರಿಕ್ಷಾ ಇಳಿಸಬೇಕಿತ್ತು.